ತಿರುಗಿ ಬಂದ ಜಮಖಾನ

ನವಲಗುಂದದ ಬೀಬಿಜಾನಳ ಅಜ್ಜತ್ತೆ ಹಲೀಮಾಬಿ ದೇಸಾಯರ ವಾಡೆಯ ಪಡಸಾಲೆ ತುಂಬುವ ಜಮಖಾನ ನೇಯ್ದವಳು. ಅತ್ತೆ ಕುಲಸುಂಬಿ ಹೆರಿಗೆನೋವು ಬಂದಾಗಲೂ ನವಿಲಿನ ಬಾಲ ಮುಗಿಸಿಯೇ ಮಗ್ಗದಿಂದ ಎದ್ದವಳು. ಅಂಥ ಮನೆಯ ಸೊಸೆ ಈಗ ಜಮಖಾನ ಮಾರುವುದು ಮೊಬೈಲಿನಲ್ಲಿ. ಆರ್ಡರಿನ ಗಂಟೆ ಬಡಿಯಿತೆಂದರೆ, ಬೀಗರೇ ಬಾಗಿಲಿಗೆ ಬಂದರೇನೋ ಎಂಬಂತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಜಮಖಾನದ ಮಡಿಕೆಯಲ್ಲಿ ಬೇವಿನೆಲೆ ಇಟ್ಟು ಕಳಿಸುವಾಗ "ಹೋಗಿ ಬಾ" ಅನ್ನುವುದಿಲ್ಲ, "ಹೋಗು, ಅಲ್ಲೇ ಬಾಳು" ಅನ್ನುತ್ತಾಳೆ. ಆದರೆ ಬಾಳುವುದು ಕಡಿಮೆ, ತಿರುಗಿ ಬರುವುದೇ ಹೆಚ್ಚು. ಕೈಯಿಂದ ನೇಯ್ದ ಎರಡು ನವಿಲು ಒಂದೇ ಅಚ್ಚಿನಲ್ಲಿ ಇರುವುದುಂಟೆ? ಫೋಟೋದಲ್ಲಿ ಇದ್ದಂತಿಲ್ಲ ಎಂದು ವಾಪಸು. ಇನ್ನೊಂದು ವಾಪಸಾದರೆ ಮೊಬೈಲಿನ ಅಂಗಡಿ ಬಂದ್ ಎಂದು ಆರ್ಡರು ಕೊಡಿಸುವ ಕಂಪನಿ ಎಚ್ಚರಿಸಿತ್ತು. ಊರ ಗಿರಾಕಿಗಳು ಪ್ಲಾಸ್ಟಿಕ್ ಚಾಪೆ ಹಿಡಿದು ಬಹಳ ಕಾಲವಾಯಿತು. ಮಗ್ಗಕ್ಕೆ ಉಳಿದದ್ದು ಇದೊಂದೇ ಬಾಗಿಲು. ನಿನ್ನೆ ಆ ಇನ್ನೊಂದೂ ಬಂತು. ಬಳಸಿಲ್ಲ, ಬಣ್ಣ ಹಿಡಿಸಲಿಲ್ಲ ಎಂಬ ಕಾರಣ. ಬಿಚ್ಚಿ ಕೊಡವಿದರೆ ಅರಿಷಿಣದ ಅಕ್ಷತೆ ಉದುರಿತು. ಬಾಜು ಮನೆಯ ಸವಿತಾ ಫೋನು ಎತ್ತಿ ಹಿಡಿದಳು. "ಚಾಚಿ, ಮದಿವ್ಯಾಗ ಹಾಸಿ, ಉಂಡೆದ್ದು ವಾಪಸ್ ಒಗದಾರ ನೋಡ್ರಿ ಭಾಡ್ಯಾಗೋಳು! ತಡೀರಿ, ವಿಡಿಯೋ ಮಾಡಿ ಕಂಪನಿಗೆ ಕಳಸ್ತೀನಿ. ಅಂಗಡಿ ಉಳೀತೈತಿ." ಬೀಬಿಜಾನ ಕಾಳುಗಳನ್ನು ಒಂದೊಂದಾಗಿ ಸೆರಗಿಗೆ ಆರಿಸಿಕೊಳ್ಳುತ್ತ ಅವಳ ಕೈ ತಗ್ಗಿಸಿದಳು. "ಬ್ಯಾಡ ಬಿಡವಾ ಸವಿತಾ. ಯಾವ ಹುಡುಗಿ ತಲಿ ಮ್ಯಾಲಿಂದ ಉದುರಿದ್ದೋ ಏನೋ. ಅಂಗಡಿ ಮುಚ್ಚಿದ್ರ ಮುಚ್ಚಲಿ. ಹರಸಿದ ಅಕ್ಕೀನ ಜಗಳದಾಗ ಸಾಕ್ಷಿಗೆ ನಿಲ್ಲಸಾಕಿ ನಾ ಅಲ್ಲ."