ಲಗಮಣ್ಣನ ಕರ್ರ್ ಕರ್ರ್

ಅಥಣಿಯ ಲಗಮಣ್ಣನ ಮಾತು ಬಂದರೆ ಶೇಡಬಾಳದ ವೃಷಭನಿಗೆ ಸುಮ್ಮನೆ ಕೂರಲಾಗುವುದಿಲ್ಲ. ಎದ್ದು ನಿಂತು, ಗೆಳೆಯ ಹೊಲಿದ ಚಪ್ಪಲಿಗಳು ಹೇಗೆ ಮಾತಾಡುತ್ತಿದ್ದವೆಂದು ನಡೆದೇ ತೋರಿಸುತ್ತಾನೆ. ತಳದ ಎರಡು ತೊಗಲಿನ ನಡುವೆ ಬೀಜವಿಟ್ಟು ಹೊಲಿದರೆ ಹೆಜ್ಜೆಗೊಮ್ಮೆ ಕರ್ರ್ ಎನ್ನುತ್ತದೆ. ಲಗಮಣ್ಣ ಆ ದನಿಯನ್ನು ಆಳು ನೋಡಿ ಕೂಡಿಸುತ್ತಿದ್ದ. ಪೈಲವಾನರಿಗೆ ಗಡಸು, ಮದುಮಗನಿಗೆ ಓಣಿಯೆಲ್ಲ ಕೇಳುವಂಥದ್ದು, ಮಾಸ್ತರರಿಗೆ ಮಾತ್ರ ಸಪ್ಪಳವೇ ಇಲ್ಲ: “ಹುಡುಗ್ರು ಕೈಗೆ ಸಿಗಬೇಕಲ್ರಿ.” ಅಳತೆಪಟ್ಟಿ ಮುಟ್ಟಿದವನಲ್ಲ, ಮಣ್ಣಿನಲ್ಲಿ ಮೂಡಿದ ಹೆಜ್ಜೆ ನೋಡಿದರೆ ಸಾಕು. ಗಿರಾಕಿ ಅಂಗಳಕ್ಕೆ ಬಂದರೆ ತಲೆ ಎತ್ತದೆಯೇ, ಚಪ್ಪಲಿಯ ದನಿಯಿಂದಲೇ “ಬರ್ರಿ ಸಾವಕಾರ್ರ” ಎಂದು ಗುರುತಿಸುತ್ತಿದ್ದ. ವೃಷಭನ ಮುಂದೆ ಮಾತ್ರ ಸೋಲುತ್ತಿದ್ದ. ಜೈನರ ಮನೆಯ ವೃಷಭ ತೊಗಲು ಮೆಟ್ಟುವವನಲ್ಲ. ಸಪ್ಪಳವಿಲ್ಲದ ರಬ್ಬರ್ ಚಪ್ಪಲಿಯಲ್ಲಿ ಬಂದು ಬೆನ್ನ ಹಿಂದೆ ನಿಂತಿರುತ್ತಿದ್ದ. “ಕಳ್ಳನಂಗ ಬರ್ತಿಯಲ್ಲಲೇ. ಊರಿಗೆಲ್ಲಾ ಮಾಡೇನಿ, ನಿನಗೊಂದು ಜೋಡು ಮಾಡೂದು ಆಗವಲ್ದು,” ಎಂದು ಲಗಮಣ್ಣ ಮೂವತ್ತು ವರ್ಷ ಬೈದ. ಹೋದ ವರ್ಷ ಅವನು ತೀರಿಕೊಂಡ ಮೇಲೆ ಹೆಂಡತಿ ಗೌರವ್ವ ಒಂದು ಜೋಡು ತಂದು ವೃಷಭನ ಮುಂದಿಟ್ಟಳು. ಟೈರಿನ ತಳ, ಮೇಲೆ ಬಿಗಿಯಾಗಿ ನೇಯ್ದ ಸೆಣಬು, ನೂಲಿನ ಹೊಲಿಗೆ. ಎಲ್ಲಿಯೂ ತೊಗಲಿನ ಚೂರಿಲ್ಲ. “ಆರು ಸಲ ಬಿಚ್ಚಿ ಹೊಲದಾರ್ರಿ, ಸೆಣಬು ದನಿ ಕೊಡವಲ್ದಂತ.” ಮೆಟ್ಟಿದರೆ ಬೆರಳಿಗೆ ಬೆರಳು ಸರಿ, ಹೆಜ್ಜೆ ಇಟ್ಟರೆ ಕರ್ರ್. ಈಗ ಅಥಣಿಗೆ ಹೋದಾಗಲೆಲ್ಲ ಆ ಅಂಗಳದಲ್ಲಿ ವೃಷಭ ಬೇಕೆಂದೇ ಹೆಜ್ಜೆ ಊರಿ ನಡೆಯುತ್ತಾನೆ. ಒಳಗಿನಿಂದ ಗೌರವ್ವ, ತಲೆ ಎತ್ತದೆಯೇ, “ಬರ್ರಿ ವೃಷಭಣ್ಣಾರ” ಎನ್ನುತ್ತಾಳೆ.