ಕೆಂಪು ಬಾಕ್ಸಿಗೊಂದು ಅಪ್ಪನ ಹೆಸರು

“ಬಸವರಾಜ ಅಂತ ಹಾಕ್ಲೇನ್ರಿ?”

ಹೀಗೆ ಕೇಳಿದವನು ಒಬ್ಬ ಕಂಪ್ಯೂಟರ್ ಆಪರೇಟರ್. ಅವನು ಹಾಕಲು ಹೊರಟಿದ್ದು ಒಬ್ಬ ಹೆಣ್ಣುಮಗಳಿಗೆ ಅಪ್ಪನ ಹೆಸರನ್ನು. ಅದೂ ಅವಳನ್ನು ಎದುರಿಗೇ ನಿಲ್ಲಿಸಿಕೊಂಡು!

ನಡೆದದ್ದು ಹೋದ ವಾರ, ಹಗರಿಬೊಮ್ಮನಹಳ್ಳಿಯಲ್ಲಿ. ಕೋಗಳಿಯ ರೇಣುಕಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ವಯಸ್ಸು ಮೂವತ್ತರ ಹತ್ತಿರ. ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುತ್ತಲೇ ಪಿಯುಸಿ ಮುಗಿಸಿದ ಹಟಮಾರಿ. ನರ್ಸಿಂಗ್ ತರಬೇತಿಗೆ ಸೇರಲು ಅಂದೇ ಕೊನೆಯ ದಿನ. “ಟೀಚರ್, ಜೊತಿಗೆ ಬರ್ರಿ” ಎಂದಳು. ಕೊಟ್ಟೂರಿನಿಂದ ಬಸ್ಸು ಹತ್ತಿ ಹೋದೆ.

ರೇಣುಕಾಳ ಅವ್ವನಿಗೆ ಚಿಕ್ಕಂದಿನಲ್ಲೇ ದೇವರ ಹೆಸರಿನಲ್ಲಿ ಮುತ್ತು ಕಟ್ಟಿದ್ದರು. (ದೇವದಾಸಿ ಪದ್ಧತಿಯ ಬಗ್ಗೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೇ?) ಹಾಗಾಗಿ ಮಗಳ ಶಾಲಾ ದಾಖಲೆಯಲ್ಲಿ ಇರುವುದು ಅವ್ವನ ಹೆಸರೊಂದೇ. ಬರೆದವಳು ನಾನೇ.

ತರಬೇತಿ ಕೇಂದ್ರದ ಕಂಪ್ಯೂಟರಿನಲ್ಲಿ ಅಡ್ಮಿಷನ್‌ಗೆಂದೇ ಮಾಡಿಸಿದ ಸಾಫ್ಟ್‌ವೇರ್ ಇತ್ತು. ಆಪರೇಟರ್ ಹೆಸರು ಹೊಡೆದ. ಊರು ಹೊಡೆದ. ತಂದೆಯ ಹೆಸರಿನ ಬಾಕ್ಸ್ ಖಾಲಿ ಬಿಟ್ಟದ್ದೇ ತಡ, ಅದು ಕೆಂಪಗಾಯಿತು.

“ಖಾಲಿ ಬಿಟ್ರ ಮುಂದಕ್ಕ ಹೋಗಂಗಿಲ್ರಿ.”

“ನಮ್ಮವ್ವನ ಹೆಸ್ರು ಹಾಕ್ರಿ” ಎಂದಳು ರೇಣುಕಾ.

“ಅದು ಕೆಳಗ ಬ್ಯಾರೆ ಐತಿ. ಇಲ್ಲಿ ತಂದಿದ ಬೇಕು. ಬಸವರಾಜ ಅಂತ ಹಾಕ್ಲೇನ್ರಿ? ಇಂಥೋರು ಬಂದಾಗೆಲ್ಲ ಹಂಗ ಹಾಕೀನಿ, ಯಾರೂ ಏನೂ ಅಂದಿಲ್ಲ.”

ರೇಣುಕಾ ಕೌಂಟರಿನ ಮೇಲಿದ್ದ ತನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡಳು.

“ಸುಳ್ಳು ಅಪ್ಪನ್ನ ಕಟ್ಕೊಂಡು ನಾ ನರ್ಸ್ ಆಗೋದು ಬ್ಯಾಡ್ರಿ. ನಡೀರಿ ಟೀಚರ್.”

ನನಗೆ ತಡೆಯಲಾಗಲಿಲ್ಲ. “ಈ ಸಾಫ್ಟ್‌ವೇರ್ ಮಾಡಿದೋನಿಗೆ ಫೋನ್ ಹಚ್ಚಪಾ” ಎಂದೆ. ನನ್ನ ದನಿ ಏರಿದ್ದಕ್ಕೋ ಏನೋ, ಹಚ್ಚಿದ.

ಆ ಕಡೆಯ ಇಂಜಿನಿಯರ್ ಬಹಳ ವಿನಯವಂತ. “ಮೇಡಂ, ಹೆಸರಿನ ಬಾಕ್ಸ್‌ಗೆ ಒಂದು ರೂಲ್ ಬರೆದ್ವಿ. ಖಾಲಿ ಇರಬಾರದು, ಬರೀ ಅಕ್ಷರ ಇರಬೇಕು ಅಂತ. ಅದನ್ನೇ ತಂದೆ ಹೆಸರಿನ ಬಾಕ್ಸ್‌ಗೂ ರೀಯೂಸ್ ಮಾಡಿದೀವಿ. ಟೈಮ್ ಉಳಿಯುತ್ತೆ.”

ಉಳಿಯಲಿ, ಬೇಡವೆಂದವರಾರು? ವಿದ್ಯಾರ್ಥಿಯ ಮೊಬೈಲ್ ನಂಬರಿಗೂ ಪೋಷಕರ ಮೊಬೈಲ್ ನಂಬರಿಗೂ ಹತ್ತೇ ಅಂಕಿ. ಅಲ್ಲಿ ಒಂದೇ ರೂಲ್ ಸಾಕು. ಎರಡೆರಡು ಸಲ ಬರೆಯುವುದೇ ದಡ್ಡತನ. ಆದರೆ “ನಿನ್ನ ಹೆಸರೇನು” ಮತ್ತು “ನಿನ್ನ ಅಪ್ಪ ಯಾರು” ಎರಡೂ ಒಂದೇ ಪ್ರಶ್ನೆಯೇ? ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರವಿದೆ. ಎರಡನೆಯದಕ್ಕೂ ಇರಲೇಬೇಕು ಎಂದು ತೀರ್ಮಾನಿಸಲು ಇವನ್ಯಾರು? ತೀರ್ಮಾನಿಸಲೂ ಇಲ್ಲವಲ್ಲ, ಅದೇ ನನ್ನ ಸಿಟ್ಟು. ಯೋಚಿಸಿ ಮಾಡಿದ್ದರೆ ಜಗಳವಾಡಬಹುದಿತ್ತು. ಈತ ಕಾಪಿ ಮಾಡಿ ಪೇಸ್ಟ್ ಮಾಡಿದ್ದ, ಅಷ್ಟೇ.

ಅದನ್ನೇ ಫೋನಿನಲ್ಲಿ ಹೇಳಿದೆ. ಆತ “ಸಾರಿ ಮೇಡಂ” ಎಂದು, ತಾನಿದ್ದಲ್ಲಿಂದಲೇ ಈ ಕಂಪ್ಯೂಟರಿನೊಳಗೆ ಬಂದು ಏನೋ ತಿದ್ದಿದ. ಆಪರೇಟರ್ ಮತ್ತೆ ಫಾರ್ಮ್ ತೆರೆದ. ತಂದೆಯ ಹೆಸರು ಖಾಲಿ. ಕೆಂಪಾಗಲಿಲ್ಲ. ಫಾರ್ಮ್ ಮುಂದಕ್ಕೆ ಹೋಯಿತು. ರೇಣುಕಾ ಪ್ರಿಂಟನ್ನು ಎರಡು ಸಲ ಓದಿ, ಅವ್ವನ ಹೆಸರಿನ ಮೇಲೆ ಬೆರಳಾಡಿಸಿ, ಸಹಿ ಹಾಕಿದಳು.

ತಿದ್ದಲು ಹಿಡಿದದ್ದು ಹತ್ತು ನಿಮಿಷ.

ಆ ಹತ್ತು ನಿಮಿಷ ಯಾರಿಗೂ ಸಿಗದೆ, ಇದುವರೆಗೆ ಎಷ್ಟು ಹೆಣ್ಣುಮಕ್ಕಳು ಯಾರದೋ ಹೆಸರನ್ನು ಅಪ್ಪನದೆಂದು ಹೊತ್ತು ಸುಮ್ಮನೆ ಮನೆಗೆ ಹೋಗಿದ್ದಾರೆ?