ಚಹಾಕ್ಕೆ ಮೊದಲೇ ಸಾಯುವ ರಾಜ

ಸ್ಕಾಟ್ಲೆಂಡಿನ ಕಡಲಂಚಿನ ಪೋರ್ಟ್‌ಗಾರ್ವಿಯಲ್ಲಿ ಮಾಂಸದಂಗಡಿಯ ಫರ್ಗಸ್ ಗೆಡಿಸ್ ಹತ್ತೊಂಬತ್ತು ವರ್ಷ, ವರ್ಷಕ್ಕೊಮ್ಮೆ, ಎಲ್ಲರ ಕಣ್ಣೆದುರೇ ಕೊಲೆಯಾದ. ನವೆಂಬರ್ ಬಂತೆಂದರೆ ಊರಿನ ಸಭಾಭವನದಲ್ಲಿ ಆ ಹಳೆಯ ದುರಂತ ನಾಟಕ ನಡೆಯಲೇಬೇಕು. ಸಿಂಹಾಸನದ ಆಸೆಗೆ ಅಳಿಯ ಮಾವನನ್ನೇ ಇರಿದು ರಾಜನಾಗುತ್ತಾನೆ, ಆಮೇಲೆ ಪಾಪದ ಮೇಲೆ ಪಾಪ ಮಾಡಿ ಹಾಳಾಗುತ್ತಾನೆ. ಫರ್ಗಸ್‌ಗೆ ಸಿಕ್ಕಿದ್ದು ಮಾವನ ಪಾತ್ರ. ಮಾವ ಚಹಾದ ವಿರಾಮಕ್ಕೆ ಮೊದಲೇ ಹೆಣ. ಅಳಿಯನ ಪಾತ್ರ ನಿವೃತ್ತ ಮೇಷ್ಟ್ರು ಟಾರ್ಕಿಲ್ ಬೇರ್ಡ್‌ಗೆ ಬರೆದಿಟ್ಟ ಹಾಗಿತ್ತು.

ಎಂಥ ಅನ್ಯಾಯ ನೋಡಿ. ಅಳಿಯನ ಮಾತೆಲ್ಲ ಫರ್ಗಸ್‌ಗೆ ಬಾಯಿಪಾಠ. ಮೂಳೆ ಕಡಿಯುತ್ತಾ ಅವನ್ನೇ ಆರ್ಭಟಿಸುತ್ತಿದ್ದ; ಹೆದರಿದ ಗಿರಾಕಿಗಳು ಬೇಕಾದದ್ದಕ್ಕಿಂತ ಹೆಚ್ಚೇ ಕೊಳ್ಳುತ್ತಿದ್ದರು.

"ಅರವತ್ತೊಂದು ತುಂಬ್ತು ಎಫಿ," ಎಂದು ಹೆಂಡತಿಯ ಮುಂದೆ ಗೋಳಾಡಿದ. "ಒಂದು ಸಲನಾದ್ರೂ ಆ ಕಿರೀಟ ಹಾಕ್ಕೊಂಡು ಕೊನೇ ಅಂಕದ ತನಕ ಬದುಕಿರ್ಬೇಕು ಅಂತ ಆಸೆ."

ಎಫಿ ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಪಿಸುಗುಟ್ಟಿ ಹೇಳಿಕೊಡುವವಳು. ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಟಾರ್ಕಿಲ್‌ನ ಹೊರಗೆ ಹಾಕು. ಸುಮ್ನೆ ನನ್ನ ತಲೆ ತಿನ್ಬೇಡ."

ಹೊರಗೆ ಹಾಕುವ ದಾರಿ ನಾಟಕದವರ ಕಟ್ಟಳೆಯಲ್ಲೇ ಇತ್ತು. ಆ ನಾಟಕದ ಹೆಸರೆತ್ತಿದರೆ ಕೇಡು ಎಂಬ ನಂಬಿಕೆ; ಹಾಗಾಗಿ ಭವನದೊಳಗೆ ಅದನ್ನು ಯಾರೂ ಎತ್ತುವಂತಿಲ್ಲ, ಇಲ್ಲಿಯೂ ಬೇಡ. ಬಾಯಿತಪ್ಪಿ ಅಂದವರು ಹಿಂಬಾಗಿಲಿನಿಂದ ಹೊರಗೆ ಹೋಗಿ, ಮೂರು ಸುತ್ತು ತಿರುಗಿ, ಎಡಭುಜದ ಮೇಲಿಂದ ಉಗುಳಿ, ಅದೇ ಬಾಗಿಲು ತಟ್ಟಬೇಕು. ಒಳಗಿನವರು ಕರೆಯುವ ತನಕ ಕಾಲಿಡಬಾರದು.

ಆ ಸಲದ ನಾಟಕದ ವಿರಾಮದಲ್ಲಿ, ಆಗಷ್ಟೇ ಸತ್ತಿದ್ದ ಫರ್ಗಸ್ ಪತ್ರಿಕೆ ಹಿಡಿದು ಬಂದ. "ಮೇಷ್ಟ್ರೇ, ಕನ್ನಡಕ ಮರೆತು ಬಂದೆ. ನಮ್ಮ ಸುದ್ದಿ ಬಂದಿದೆಯಂತೆ. ನಿಮ್ಮ ಕಂಠದಲ್ಲಿ ಒಂಚೂರು ಓದಿ ಮಾರಾಯ್ರೆ."

ಕಂಠ ಎಂದರೆ ಸಾಕು, ಟಾರ್ಕಿಲ್ ಉಬ್ಬಿಹೋಗುತ್ತಿದ್ದ. ತಲೆಬರಹವನ್ನು ಗಟ್ಟಿಯಾಗಿ ಓದಿದ. ಓದಿದ ಮೇಲೆ, ಅದರಲ್ಲೇ ನಾಟಕದ ಹೆಸರಿದ್ದದ್ದು ಹೊಳೆದು ಬೆಚ್ಚಿಬಿದ್ದು, ಕಿರೀಟವನ್ನು ಮೇಜಿನ ಮೇಲಿಟ್ಟು ತಾನಾಗಿಯೇ ಹೊರನಡೆದ. ಫರ್ಗಸ್ ಅಗುಳಿ ಹಾಕಿದ. ನೀಚ ಕೆಲಸ ಅದು, ಹೊರಗೆ ಆಲಿಕಲ್ಲು ಬೀಳುತ್ತಿತ್ತು.

ಪರದೆ ಎದ್ದಿತು. ಕಿರೀಟ ತೊಟ್ಟ ಫರ್ಗಸ್ ಸಿಂಹಾಸನ ಏರಿದ್ದೇ ತಡ, ಮುಂದಿನ ಸಾಲಿನಿಂದ ಬೇಕರಿಯ ಅಜ್ಜಿ ಕೇಳಿದಳು: "ಇವ್ನು ಚಹಾಕ್ಕೆ ಮೊದ್ಲೇ ಸತ್ತಿದ್ನಲ್ಲ?"

ಜನ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಹಿಂಬಾಗಿಲಲ್ಲಿ ಟಕ್, ಟಕ್. ಫರ್ಗಸ್ ದನಿ ಏರಿಸಿದ. ತಟ್ಟುವ ಸದ್ದೂ ಏರಿತು. ಒಂದೊಂದು ಏಟೂ ಅವನ ಎದೆಗೇ ಬೀಳುತ್ತಿತ್ತು. ಇಷ್ಟು ವರ್ಷದ ಬಾಯಿಪಾಠವೆಲ್ಲ ಮರೆತುಹೋಯಿತು, ಎಫಿಯ ಪಿಸುಮಾತು ಕಿವಿಗೇ ಬೀಳಲಿಲ್ಲ. ಬೆವರಿಳಿಸುತ್ತಾ ಜನರಿಗೇ ಸಮಜಾಯಿಷಿ ಕೊಡಲು ಹೋದ. "ನಾನೀಗ ಮಾವ ಅಲ್ರಪ್ಪ, ಅಳಿಯ. ನಾಟಕ ಮಾತ್ರ ಅದೇ," ಎಂದವನು ಅದರ ಹೆಸರನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿಬಿಟ್ಟ.

ಎಫಿ ಎದ್ದು ಬಂದು, ಅವನ ತಲೆಯಿಂದ ಕಿರೀಟ ತೆಗೆದು, ಹಿಂಬಾಗಿಲ ಕಡೆ ಬೆರಳು ತೋರಿಸಿದಳು. ಕಟ್ಟಳೆ ಎಂದರೆ ಕಟ್ಟಳೆ.

ಹೊರಗೆ ಟಾರ್ಕಿಲ್ ಗಡಗಡ ನಡುಗುತ್ತಿದ್ದ; ಬಾಗಿಲು ತೆರೆದರೂ, ಯಾರೂ ಕರೆಯದೆ ಒಳಗೆ ಕಾಲಿಡಲಿಲ್ಲ. ಫರ್ಗಸ್ ಮೂರು ಸುತ್ತು ತಿರುಗಿ, ಉಗುಳಿ, ತಲೆ ತಗ್ಗಿಸಿದ. "ಅಗುಳಿ ಹಾಕಿದ್ದು ನಾನೇ ಮೇಷ್ಟ್ರೇ. ನಿಮ್ಮ ಪಾತ್ರದ ಆಸೆಗೆ."

"ಅಯ್ಯೋ ಪೆದ್ದ," ಎಂದ ಟಾರ್ಕಿಲ್. "ನನ್ನ ಮಂಡಿ ಎರಡೂ ಹೋಗಿ ಐದು ವರ್ಷ ಆಯ್ತು. ಬೇಗ ಸತ್ತು ಆರಾಮಾಗಿ ಚಹಾ ಕುಡೀತಾ ಕೂರ್ತೀಯಲ್ಲ ಅಂತ ನಿನ್ನ ನೋಡಿ ಹೊಟ್ಟೆ ಉರ್ಕೋತಿದ್ದೆ. ಒಂದ್ಮಾತು ಕೇಳಿದ್ರೆ ಕೊಟ್ಟೇಬಿಡ್ತಿದ್ದೆ."

ಫರ್ಗಸ್‌ಗೆ ಅಳುವೇ ಬಂತು. ಇಬ್ಬರೂ ಸೇರಿ ಬಾಗಿಲು ಬಡಿದರು. ಒಳಗೆ ಅಳಿಯನ ಮಾತುಗಳು ಕೇಳುತ್ತಿದ್ದವು, ಒಂದಕ್ಷರ ತಪ್ಪದೆ, ಹೆಣ್ಣುದನಿಯಲ್ಲಿ. ಚಪ್ಪಾಳೆಗೆ ಮಾಡು ಹಾರಿಹೋಗುವಂತಿತ್ತು. ದೃಶ್ಯ ಮುಗಿದು ಬಾಗಿಲ ಬಳಿ ಹೆಜ್ಜೆಸಪ್ಪಳವಾಯಿತು.

"ಎಫಿ, ಒಳಗೆ ಕರಿಯೇ," ಎಂದು ಫರ್ಗಸ್ ಗೋಗರೆದ.

"ಕರೀತೀನಿ ಕರೀತೀನಿ," ಎಂದಳು ಎಫಿ. "ಇನ್ನೆರಡು ಅಂಕ ಮುಗೀಲಿ." ಅಗುಳಿ ಬಿದ್ದ ಸದ್ದು ಕೇಳಿಸಿತು.

ಮರುವರ್ಷ ಪರದೆಯ ಮರೆಯಲ್ಲಿ ಟಾರ್ಕಿಲ್ ಕೂತ, ಮಂಡಿಗೆ ಕಂಬಳಿ ಹೊದ್ದುಕೊಂಡು. ಫರ್ಗಸ್ ಇಪ್ಪತ್ತನೆಯ ಸಲ ಚಹಾಕ್ಕೆ ಮೊದಲೇ ಸತ್ತ. ಇರಿದವಳು ಎಫಿ.